ನಾಲ್ಕನೆಯ ದಿನದ ಸಂಜೆ ಯಾರ ಹತ್ತಿರ ಇದೆ

ಚಂಪಕತ್ತೆ ಒಂದು ದಿನವೂ ಹಡಗು ಹತ್ತಿದವಳಲ್ಲ. ಆದರೂ ನಡುಸಮುದ್ರದಲ್ಲಿ ವಾಂತಿ ಮಾಡಿಕೊಂಡ ನೆನಪು ನಮ್ಮ ಮನೆಯಲ್ಲಿ ಇರುವುದು ಅವಳೊಬ್ಬಳಿಗೇ. ಅದೂ ಮೂರು ಜನರ ವಾಂತಿ. ಬಾವಿಯಿಂದ ತಂದ ಕೊಡ ಕಂಕುಳಲ್ಲಿ ತುಳುಕಿದರೆ ಸಾಕು, ಕಣ್ಣು ಮುಚ್ಚಿ ಗೋಡೆ ಹಿಡಿದು ನಿಂತುಬಿಡುತ್ತಿದ್ದಳು. ಯಾರ ಮನೆಗೆ ಹೋದರೂ ಉಯ್ಯಾಲೆಯ ಮೇಲೆ ಕೂರುತ್ತಿರಲಿಲ್ಲ. ಅವಳಿಗೆ ಇದನ್ನು ಕೊಟ್ಟವರು ಬೇರೆ ಯಾರೂ ಅಲ್ಲ, ಅಪ್ಪ, ಅಮ್ಮ ಮತ್ತು ನಾನು.

ನಮ್ಮೂರಿನಲ್ಲಿ ತಾನು ಕಂಡದ್ದನ್ನು, ಉಂಡದ್ದನ್ನು ಒಬ್ಬರಿಗೆ ಬಾಯಿಬಿಟ್ಟು ಹೇಳಿದರೆ ಅದು ಅವರದಾಗುತ್ತದೆ, ಹೇಳಿದವರ ಹತ್ತಿರ ಉಳಿಯುವುದಿಲ್ಲ. ಗಂಡನ ಮನೆಯಿಂದ ಬಂದ ಹುಡುಗಿ ಜಗಳಗಳನ್ನೆಲ್ಲ ತಾಯಿಗೆ ಹೇಳಿ ಮುಗಿಸಿ ಮಾರನೆಯ ದಿನ ನಗುನಗುತ್ತ ಬಸ್ಸು ಹತ್ತುತ್ತಾಳೆ. ತಾಯಿ ಆರು ತಿಂಗಳು ಅಳಿಯನ ಮುಖ ನೋಡುವುದಿಲ್ಲ. ಹೀಗಾಗಿ ನಾವು ಸಂಕಟವನ್ನು ಹೇಳುತ್ತೇವೆ, ಸುಖವನ್ನು ಹೇಳುವುದಿಲ್ಲ. ಕೆರೆಯಲ್ಲಿ ಮುಳುಗಿದ ಒಂದು ಎಮ್ಮೆಕರುವಿನ ದುಃಖ ಎಷ್ಟು ಜನರ ಕೈದಾಟಿದೆಯೆಂದರೆ ಅದು ಮೊದಲು ಯಾರ ಕರುವಾಗಿತ್ತೋ ಯಾರಿಗೂ ತಿಳಿಯದು. ಸದ್ಯ ಅದು ಅಂಚೆ ಕಚೇರಿಯ ಗುಮಾಸ್ತರ ಹತ್ತಿರ ಇದೆ. ಅವರು ಮುದ್ರೆ ಒತ್ತುತ್ತ ನಡುನಡುವೆ ಕಣ್ಣು ಒರೆಸಿಕೊಳ್ಳುತ್ತಾರೆ.

ಇಬ್ಬರು ಕೂಡಿ ಕಂಡದ್ದಾದರೆ ಅದಕ್ಕೊಂದು ಪದ್ಧತಿಯಿದೆ. ಹೇಳಲು ಹೊರಟವರು ಮೊದಲು ಇನ್ನೊಬ್ಬರ ಮೊಣಕೈ ಮುಟ್ಟಿ, "ನಾನು ಕೊಡ್ತೀನಿ, ನೀನು ಇಟ್ಕೋ" ಅನ್ನಬೇಕು. ಮದುವೆಯಾದ ಹೊಸದರಲ್ಲಿ ಗಂಡಹೆಂಡಿರಿಗೆ ಹಿರಿಯರು ಕಲಿಸುವ ಮೊದಲ ಪಾಠ ಇದು. ಕಲಿಯದಿದ್ದರೆ ಇಬ್ಬರೂ ಕೊಟ್ಟು ಕೂತುಬಿಡುತ್ತಾರೆ. ಕೊಟ್ಟ ಮೇಲೆ ಉಳಿಯುವುದು 'ಏನೋ ಇತ್ತು' ಎಂಬುದು ಮಾತ್ರ, ಏಲಕ್ಕಿ ಖಾಲಿಯಾದ ಡಬ್ಬಿಯ ಹಾಗೆ.

ಬರೆದದ್ದಕ್ಕೂ ಇದೇ ರೀತಿ. ಮೊದಲು ಓದಿದವರಿಗೆ ಪೂರ್ತಿ ಸಿಗುತ್ತದೆ, ಆಮೇಲೆ ಓದುವವರಿಗೆ ಅದು ಬರೀ ಕಥೆ. ಹಾಗಾಗಿ ಅಪ್ಪನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ, ರಸೀದಿ ಪುಸ್ತಕ, ಔಷಧಿ ಬಾಟಲಿಯ ಚೀಟಿ ಇಂಥವೇ ಅಚ್ಚಾಗುತ್ತಿದ್ದವು. ಪ್ರೂಫು ನೋಡಿದವನೇ ಎಲ್ಲವನ್ನೂ ನುಂಗಿಕೊಳ್ಳುವುದಾದರೆ ಅಚ್ಚು ಹಾಕಿ ಏನು ಪ್ರಯೋಜನ? ಅಪ್ಪನ ದೊಡ್ಡ ಗಿರಾಕಿಯೆಂದರೆ ಒಂದು ಹಡಗು. ನಮ್ಮೂರಿಗೆ ಸಮುದ್ರವಿಲ್ಲ, ಬಂದರಿಗೆ ಹೋಗಲು ಒಂದು ಇಡೀ ದಿನ ರೈಲಿನಲ್ಲಿ ಕೂರಬೇಕು. ಅರವತ್ತು ಜನ ಹಿಡಿಯುವ ಆ ಪುಟ್ಟ ವಿಹಾರದ ಹಡಗು ಐದು ದಿನ ಸಮುದ್ರದಲ್ಲಿ ಸುತ್ತಾಡಿಸಿ ವಾಪಸು ತಂದು ಬಿಡುತ್ತಿತ್ತು. ಅದರ ಮೆನು ಕಾರ್ಡುಗಳು ನಮ್ಮಲ್ಲಿ ಅಚ್ಚಾಗುತ್ತಿದ್ದವು. ಹನ್ನೆರಡು ವರ್ಷ ಅಪ್ಪ ತಾನು ಬಾಯಿಗಿಡದ ತಿಂಡಿಗಳ ಹೆಸರನ್ನು ಒಂದೊಂದೇ ಅಕ್ಷರದ ಅಚ್ಚುಮೊಳೆ ಹೆಕ್ಕಿ ಜೋಡಿಸಿದ.

"ಈ ಕ್ಯಾರಮೆಲ್ ಪುಡ್ಡಿಂಗು ಅಂದ್ರೆ ಏನಿರಬಹುದು, ತುಂಗಾ?" ಎಂದು ಅಮ್ಮನನ್ನು ಕೇಳುತ್ತಿದ್ದ.

"ನಮ್ಮ ಹಾಲುಬಾಯಿ ಥರ ಇರ್ಬೇಕು."

"ಹಾಲುಬಾಯಿಗೆ ಇಷ್ಟುದ್ದ ಹೆಸರು ಯಾಕೆ ಇಡ್ತಾರೆ?"

"ಹೆಸರು ಉದ್ದ ಇದ್ರೆ ತಟ್ಟೆಗೆ ಕಮ್ಮಿ ಹಾಕಬಹುದಲ್ರೀ" ಎಂದಳು ಅಮ್ಮ.

ಹದಿಮೂರನೆಯ ವರ್ಷ ಹಡಗಿನವರು ಖುಷಿಯಿಂದ ನಾಲ್ಕು ಟಿಕೆಟ್ಟು ಕಳಿಸಿಕೊಟ್ಟರು. ಆಗ ನನಗೆ ಹನ್ನೊಂದು. ನಾಲ್ಕನೆಯ ಟಿಕೆಟ್ಟು ಚಂಪಕತ್ತೆಯದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವಳು ಅಪ್ಪನ ತಂಗಿ. ಮದುವೆ ಬೇಡವೆಂದು ನಮ್ಮ ಜೊತೆಗೇ ಇದ್ದಳು, ಮೊಳೆ ಜೋಡಿಸುವುದರಲ್ಲಿ ಅಪ್ಪನಿಗಿಂತ ಚುರುಕು. ಟಿಕೆಟ್ಟು ಬಂದ ದಿನದಿಂದ ಕಬ್ಬಿಣದ ಟ್ರಂಕನ್ನು ನಡುಮನೆಯಲ್ಲಿ ತೆರೆದಿಟ್ಟು ಸೀರೆ ಇಡುವುದು, ತೆಗೆಯುವುದು ಮಾಡಿದಳು.

"ಐದು ದಿನಕ್ಕೆ ಇಷ್ಟು ದೊಡ್ಡ ಟ್ರಂಕಾ ಚಂಪಾ?" ಎಂದ ಅಪ್ಪ.

"ಹಡಗಿನವರು ಏನು ಹಾಕ್ತಾರೋ ಏನೋ ಅಣ್ಣಾ. ಒಂದಿಷ್ಟು ಮಂಡಕ್ಕಿ ಇಟ್ಕೊಂಡಿದೀನಿ."

ಒಂದಿಷ್ಟಲ್ಲ. ಮೇಲೆ ಎರಡು ಸೀರೆ, ಕೆಳಗೆ ಟ್ರಂಕು ತುಂಬ ಮಂಡಕ್ಕಿ. ಹೊರಡುವ ಬೆಳಿಗ್ಗೆ ರೈಲಿಗೆ ಇನ್ನೂ ಎರಡು ಗಂಟೆಯಿದೆ ಎನ್ನುವಾಗ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡಳು. ಯಾರಾದರೂ ಒಬ್ಬರು ಉಳಿಯಬೇಕಿತ್ತು. ಯಾರೂ ಯಾರಿಗೂ ಹೇಳಲಿಲ್ಲ. ಅತ್ತೆ ಒಳಗೆ ಹೋಗಿ, ಹೊಸ ಸೀರೆ ಬಿಚ್ಚಿಟ್ಟು ಹಳೆಯದನ್ನು ಉಟ್ಟು ಬಂದು, ಅಜ್ಜಿಗೆ ಹಚ್ಚಲು ಎಣ್ಣೆ ಒಲೆಯ ಮೇಲಿಟ್ಟಳು. ಟ್ರಂಕು ಆಗಲೇ ಜಟಕಾದಲ್ಲಿತ್ತು, ಗಡಿಬಿಡಿಯಲ್ಲಿ ಇಳಿಸುವುದು ಮರೆತುಹೋಯಿತು. ಬಾಗಿಲಲ್ಲಿ ನಿಂತು ಅತ್ತೆ ಹೇಳಿದ್ದು ಇಷ್ಟೇ. "ಬಂದ್ಮೇಲೆ ನಂಗೆ ಒಂದೇ ಒಂದು ಕೊಡಿ. ಎಲ್ಲಾ ಬೇಡ. ನಿಮಗೆ ಚೆನ್ನಾಗಿ ಅನ್ಸಿದ್ರಲ್ಲಿ ಒಂದು."

"ಖಂಡಿತ ಚಂಪಾ" ಎಂದ ಅಪ್ಪ. ಅಮ್ಮನೂ ತಲೆಯಾಡಿಸಿದಳು. ನಾನು ಗಾಡಿ ಹತ್ತಿಯಾಗಿತ್ತು.

ಆ ಐದು ದಿನಗಳಲ್ಲಿ ನಾನು ಯಾರಿಗೂ ಕೊಡದೆ ಉಳಿಸಿಕೊಂಡ ಚೂರುಪಾರು ಇನ್ನೂ ಇವೆ. ನಮ್ಮ ಕೋಣೆಗೆ ತಟ್ಟೆಯಷ್ಟು ದುಂಡನೆಯ ಕಿಟಕಿ. ಅದರೊಳಗೆ ನೀರು ಮೇಲೆ ಬರುವುದು, ಕೆಳಗೆ ಹೋಗುವುದು. ಮೇಲೆರಡು, ಕೆಳಗೆರಡು ಮಂಚ. ನಾಲ್ಕನೆಯದರ ಮೇಲೆ ಅತ್ತೆಯ ಟ್ರಂಕು ಮಲಗಿತ್ತು. ಊಟಕ್ಕೆ ಕೂತಾಗ ಅಪ್ಪ ಕಾರ್ಡು ಕೈಯಲ್ಲಿ ಹಿಡಿದು, ತಟ್ಟೆಗೆ ಬಂದದ್ದನ್ನೂ ತಾನು ಅಚ್ಚು ಮಾಡಿದ್ದನ್ನೂ ಒಂದೊಂದಾಗಿ ತಾಳೆ ನೋಡುತ್ತಿದ್ದ. ಎರಡನೆಯ ದಿನ ಪುಡ್ಡಿಂಗು ಬಂತು. ಕಣ್ಣು ಮುಚ್ಚಿ ಒಂದು ಚಮಚ ಬಾಯಿಗಿಟ್ಟ. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಹಾಲುಬಾಯೇ" ಎಂದ. ಅಮ್ಮ ಗೆದ್ದವಳ ಹಾಗೆ ಸೆರಗು ಕೊಡವಿಕೊಂಡಳು.

ಇದೆಲ್ಲ ಚಿಲ್ಲರೆ. ನಮ್ಮ ಮನೆಯಲ್ಲಿ 'ಹಡಗು' ಎಂದರೆ ನಾಲ್ಕನೆಯ ದಿನದ ಸಂಜೆ. ಅದನ್ನು ನಾವು ಯಾರಿಗೂ ಹೇಳಿರಲಿಲ್ಲ.

ಅತ್ತೆಗೂ ಹೇಳಲಿಲ್ಲ. ಊರಿಗೆ ಬಂದ ದಿನ ಅವಳು ಕೈ ಒರೆಸಿಕೊಂಡು ಬಂದು ನಮ್ಮೆದುರು ಕೂತು, "ಹ್ಞೂಂ, ಹೇಳಿ" ಎಂದಳು. ಆ ಸಂಜೆಯನ್ನು ಅಪ್ಪ ಕೊಡಲಿ ಎಂದು ನಾನು ಕಾದೆ, ಅಮ್ಮ ಕೊಡಲಿ ಎಂದು ಅಪ್ಪ, ನಾನು ಕೊಡಲಿ ಎಂದು ಅಮ್ಮ. ಕೊನೆಗೆ ಒಬ್ಬರಾದ ಮೇಲೊಬ್ಬರು ಬೇರೇನನ್ನೋ ಕೊಟ್ಟೆವು. ಏನೆಂದು ನನಗೆ ಗೊತ್ತಿರುವುದು ಅತ್ತೆ ಬಾಯಿಗೆ ಕೈ ಒತ್ತಿಕೊಂಡು ಮೂರು ಸಲ ಹಿತ್ತಲಿಗೆ ಓಡಿದ್ದರಿಂದ. ಹಿಂದಿರುಗಿ ಬಂದು ಟ್ರಂಕು ತೆರೆದಳು. ಒಳಗೆ ಎರಡು ಸೀರೆ ಮಾತ್ರ.

"ಮಂಡಕ್ಕಿ?"

"ನೀರು ನುಗ್ಗಿ ಒದ್ದೆಯಾಗ್ಹೋಯ್ತು ಚಂಪಕಾ, ಸಮುದ್ರಕ್ಕೆ ಸುರಿದ್ವಿ" ಎಂದಳು ಅಮ್ಮ. ನಿಜ ಹೇಳಿದ್ದರೆ ಆ ಸಂಜೆಯೇ ಎಳೆ ಹಿಡಿದು ಹೊರಗೆ ಬರುತ್ತಿತ್ತು. ನಮ್ಮೂರಿನಲ್ಲಿ ಸುಳ್ಳು ಹೇಳಿದರೆ ಅದು ಯಾರಿಗೂ ಹೋಗುವುದಿಲ್ಲ, ಹೇಳಿದವರ ಹತ್ತಿರವೇ ಉಳಿಯುತ್ತದೆ.

ಆಮೇಲಿನ ಹತ್ತೊಂಬತ್ತು ವರ್ಷ ನಾವು ಮೂವರೂ ಆಗಾಗ ಅಲ್ಲಿಗೆ ಹೋಗಿಬರುತ್ತಿದ್ದೆವು. ಈರುಳ್ಳಿ ಹೆಚ್ಚುತ್ತಿದ್ದ ಅಮ್ಮ ಚಾಕು ನಿಲ್ಲಿಸಿ ಸುಮ್ಮನೆ ನಕ್ಕರೆ ಅವಳು ಹಡಗಿನಲ್ಲಿದ್ದಾಳೆಂದು ಅಪ್ಪನಿಗೂ ನನಗೂ ಗೊತ್ತಾಗುತ್ತಿತ್ತು. ಅತ್ತೆಗೂ ಗೊತ್ತಾಗುತ್ತಿತ್ತು. ಮೂವರೂ ಒಮ್ಮೆಗೇ ಮಾತು ನಿಲ್ಲಿಸಿದೆವೆಂದರೆ ಅವಳು ಎದ್ದು ಪ್ರೆಸ್ಸಿನ ಕಡೆ ಹೋಗುತ್ತಿದ್ದಳು. ಖಾಲಿ ಟ್ರಂಕನ್ನು ಮೊಳೆಪೆಟ್ಟಿಗೆಯ ಮುಂದೆ ಇಟ್ಟುಕೊಂಡು ಅದರ ಮೇಲೆ ಕೂತೇ ಕೆಲಸ ಮಾಡುವುದು ಅವಳ ಅಭ್ಯಾಸ.

ಕಳೆದ ವರ್ಷ ಹಡಗಿನವರಿಂದ ಕಾಗದ ಬಂತು. ಹಡಗನ್ನು ಗುಜರಿಗೆ ಒಡೆಯಲು ಕೊಡುತ್ತಿದ್ದೇವೆ, ಕೊನೆಯ ಯಾನಕ್ಕೆ ಕಾರ್ಡು ಮಾಡಿಕೊಡಿ ಎಂದು. ಜೊತೆಗೆ ಒಂದು ಟಿಕೆಟ್ಟು. ಅಪ್ಪ ಅದನ್ನು ಅತ್ತೆಯ ಕೈಯಲ್ಲಿಟ್ಟ. ಅತ್ತೆ ಅಂದು ಬಿಚ್ಚಿಟ್ಟಿದ್ದ ಅದೇ ಸೀರೆ ಉಟ್ಟು ಒಬ್ಬಳೇ ಹೊರಟಳು. ಮೂರನೆಯ ದಿನ ವಾಪಸು ಬಂದು ಜಗಲಿಯ ಮೇಲೆ ಕೂತಳು, ಟಿಕೆಟ್ಟು ಕೈಯಲ್ಲೇ ಇತ್ತು.

"ಏಣಿ ಮೆಟ್ಟಲು ಮೂರು ಹತ್ತಿದೆ ಅಣ್ಣಾ. ಹಡಗು ಹಗ್ಗ ಕಟ್ಕೊಂಡು ನಿಂತಿತ್ತು, ಅಲ್ಲಾಡ್ತಾನೂ ಇರ್ಲಿಲ್ಲ. ಆದ್ರೂ ನಂಗೆ ವಾಂತಿ ಬಂದ್ಬಿಡ್ತು. ಅಷ್ಟು ಜನರ ಮುಂದೆ." ಸ್ವಲ್ಪ ನಕ್ಕಳು. "ಅಲ್ಲಾ ಅತ್ತಿಗೆ, ನಿಮ್ಮೆಲ್ಲರ ಹೊಟ್ಟೆ ಅಷ್ಟು ಕೆಟ್ಟಿತ್ತಾ?"

ಅಮ್ಮ ನೀರಿನ ಚೊಂಬು ತಂದು ಅವಳ ಮುಂದಿಟ್ಟಳು. ಹೊಟ್ಟೆ ಎಷ್ಟು ಕೆಟ್ಟಿತ್ತೆಂಬುದು ಅಮ್ಮನಿಗೆ ನೆನಪಿರಲಿಲ್ಲ, ಅದನ್ನು ಅತ್ತೆಗೇ ಕೊಟ್ಟಾಗಿತ್ತಲ್ಲ.

ಆ ವಾರ ನಾನು ಪ್ರೆಸ್ಸಿನಲ್ಲಿ ಅತ್ತೆಯ ಪಕ್ಕ ಕೂತು ನಾಲ್ಕನೆಯ ದಿನದ ಸಂಜೆಯನ್ನು ಹೇಳಿಬಿಟ್ಟೆ. ಏನು ಹೇಳಿದೆನೋ ಈಗ ಗೊತ್ತಿಲ್ಲ. ಮುಗಿಸಿದಾಗ ಅತ್ತೆಯ ಬೆರಳಿನಲ್ಲಿ ಒಂದು ಮೊಳೆ ಹಾಗೇ ಇತ್ತು. "ನನ್ನ ಹೆಸರಾ?" ಎಂದು ಕೇಳಿದಳು. ಯಾವುದಕ್ಕೆ ಎಂದು ತಿಳಿಯದೆ ನಾನು ಹ್ಞೂಂ ಅಂದೆ. ಅದಕ್ಕೂ ಮೊದಲು ನಾನು ಅಪ್ಪ, ಅಮ್ಮ ಇಬ್ಬರ ಮೊಣಕೈಯನ್ನೂ ಮುಟ್ಟಿ ಹೇಳಿ ಹೋಗಬೇಕಿತ್ತು. ಮುಟ್ಟಲು ಹೋದರೆ ಆ ಸುಳ್ಳಿನ ಮಾತು ಎತ್ತಬೇಕಾಗುತ್ತದೆ ಎಂದು ಸುಮ್ಮನಿದ್ದೆ. ಹೇಗೂ ಅವರಿಬ್ಬರ ಹತ್ತಿರ ಇದ್ದೇ ಇದೆಯಲ್ಲ ಅಂದುಕೊಂಡೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅತ್ತೆ ವಾರದಿಂದ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡುತ್ತಿದ್ದಳು. ಅಂದು ತುಳುಕುವ ಕೊಡವನ್ನು ಗೋಡೆ ಹಿಡಿಯದೆ ಹೊತ್ತು ತಂದಿದ್ದಳು. ಅದನ್ನು ನೋಡಿ ಅಮ್ಮನಿಗೆ ಧೈರ್ಯ ಬಂತು.

"ಇನ್ನು ಬಚ್ಚಿಡೋದು ಏನಿದೆ. ಆ ಸಂಜೆ ನಾನು ಚಂಪಕಂಗೆ ಕೊಟ್ಬಿಟ್ಟೆ ಕಣ್ರೀ. ನಿಮ್ಮ ಹತ್ರ, ಈ ವಾರಿಜನ ಹತ್ರ ಇದೆಯಲ್ಲ, ಸಾಕು."

ಅಪ್ಪನ ಕೈ ತಟ್ಟೆಯಲ್ಲಿ ನಿಂತಿತು. "ನನ್ನ ಹತ್ರ ಇಲ್ಲ. ನಾನು ಬುಧವಾರವೇ ಕೊಟ್ಟೆ. ನೀನು ಇಟ್ಕೊಂಡಿದೀಯ ಅಂತ..."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಉಪ್ಪಿನಕಾಯಿ ನೋಡಿದೆ.

ಅತ್ತೆ ಕುಡಿಯುತ್ತಿದ್ದ ಮಜ್ಜಿಗೆ ಮೂಗಿಗೆ ಹತ್ತಿತು. ಕೆಮ್ಮುತ್ತ, ನಗುತ್ತ, ಮತ್ತೆ ಕೆಮ್ಮುತ್ತ, "ಅಯ್ಯೋ ನಿಮ್ಮ! ನಾನು ಮೂರೂ ಜನ ಮಾತಾಡ್ಕೊಂಡೇ ಬಂದಿದೀರ ಅಂದ್ಕೊಂಡಿದ್ನಲ್ರೋ. ಒಬ್ಬರು ಬಂದು ಹೇಳಿದ್ರಿ, ಮಾರನೇ ದಿನ ಇನ್ನೊಬ್ರು. ಕೂತು ಕೂತು ಮೂರು ಸಲ ಹೋಗಿ ಬಂದೆ ನಾನು" ಎಂದಳು.

ನಾವು ಯಾರೂ ನಗಲಿಲ್ಲ. ಹತ್ತೊಂಬತ್ತು ವರ್ಷ ಕಾಪಾಡಿಕೊಂಡದ್ದು ಮೂವರ ಹತ್ತಿರವೂ ಇರಲಿಲ್ಲ. ಅಮ್ಮ ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು, ಕಳೆದುಹೋದ ಓಲೆಯನ್ನು ಹಾಸಿಗೆಯಲ್ಲಿ ಹುಡುಕುವವರ ಹಾಗೆ. ಅತ್ತೆಯ ನಗು ನಿಂತಿತು. ಎದ್ದು ಕೈ ತೊಳೆದು ಬಂದಳು.

"ನಾನು ಅವತ್ತು ಕೇಳಿದ್ದು ಒಂದು. ಒಂದು ಇಟ್ಕೋತೀನಿ. ಮಿಕ್ಕ ಎರಡು ವಾಪಸ್ ತಗೊಳ್ಳಿ. ಆದ್ರೆ ಅವರವರದು ಅವರವರಿಗೆ ಕೊಡಲ್ಲ. ಕೊಟ್ರೆ ಮತ್ತೆ ಬಚ್ಚಿಟ್ಕೊಂಡು ಕೂತ್ಕೋತೀರ."

ಸಂಜೆಗಳು ಮೂರು, ಜನ ನಾಲ್ಕು. ಯಾರಾದರೂ ಒಬ್ಬರು ಬಿಟ್ಟುಕೊಡಬೇಕಿತ್ತು. "ನಂಗೆ ಬೇಡ ಚಂಪಾ" ಎಂದ ಅಪ್ಪ. "ಬಾಗಿಲಲ್ಲಿ ನಿಂತು ಮಾತು ಕೊಟ್ಟಿದ್ದು ನಾನು." ಅತ್ತೆ ಅಪ್ಪನ ಸಂಜೆಯನ್ನು ಅಮ್ಮನಿಗೆ ಹೇಳಿದಳು, ಅಮ್ಮನದನ್ನು ನನಗೆ. ನನ್ನದನ್ನು ತಾನು ಇಟ್ಟುಕೊಂಡಳು. "ಹಡಗು ಒಡೀಲಿ ಬಿಡು. ಇನ್ನೇನು ಹೋಗೋದು, ಹೋಗಿ ಬಂದಾಯ್ತಲ್ಲ" ಎಂದಳು.

ಅಪ್ಪ ಬೇಡವೆಂದದ್ದೇನೋ ಸರಿ. ಆದರೆ ಆಮೇಲೆ ಅಮ್ಮ ಚಾಕು ನಿಲ್ಲಿಸಿ ನಕ್ಕಾಗ ಅವನು ಎದ್ದು ಪ್ರೆಸ್ಸಿಗೆ ಹೋಗತೊಡಗಿದ. ಅತ್ತೆ ಹೋಗುತ್ತಿದ್ದಂತೆಯೇ. ಒಂದು ತಿಂಗಳು ನೋಡಿದೆ. ಬಾಯಲ್ಲಿ ಹೇಳಲು ಹೋದರೆ ಕೇಳುವುದಿಲ್ಲವೆಂದು ಗೊತ್ತಿತ್ತು. ಪ್ರೂಫು ಎಂದು ಕೈಗೆ ಕೊಟ್ಟರೆ ಮಾತ್ರ ಅಪ್ಪ ಓದದೆ ಬಿಡುವವನಲ್ಲ. ನನ್ನ ಪಾಲಿಗೆ ಬಂದ ಅಮ್ಮನ ಸಂಜೆಯನ್ನು ಒಂದು ಹಾಳೆಯಷ್ಟು ಮೊಳೆ ಜೋಡಿಸಿ, ಒಂದು ಪ್ರತಿ ತೆಗೆದೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ, ಇಲ್ಲಿ ಹಾಗೇ ಸೇರಿಸುತ್ತಿದ್ದೇನೆ. ನಿಮಗೆ ಅದು ಬರೀ ಕಥೆಯಾಗಿ ಸಿಗುತ್ತದೆ, ನನಗೂ ಅಷ್ಟೇ. ಇನ್ನುಳಿದದ್ದನ್ನೆಲ್ಲ ಮೊದಲು ಓದುವವರು ಯಾರೋ ತಿಳಿಯದು. ಬಾಗಿಲಲ್ಲಿ ನಿಂತ ಚಂಪಕತ್ತೆ ಅವರ ಪಾಲಿಗೆ ಹೋಗುತ್ತಾಳೆ. ಹುಷಾರಾಗಿ ಇಟ್ಟುಕೊಳ್ಳಲಿ.

'ನಾಲ್ಕನೆಯ ದಿನ ಸಂಜೆ ಎಂಜಿನ್ನು ನಿಂತುಹೋಯಿತು. ಅಲ್ಲಿಯವರೆಗೆ ಅಷ್ಟು ಸದ್ದಿತ್ತು ಎಂದು ತಿಳಿದದ್ದೇ ಅದು ನಿಂತ ಮೇಲೆ. ಒಲೆಗಳೂ ನಿಂತವು. ಅಡಿಗೆಯವನು ಡೆಕ್ಕಿಗೆ ಬಂದು ಕೈಮುಗಿದು, ಊಟ ತಡವಾಗುತ್ತದೆ, ಎಷ್ಟು ತಡವೆಂದು ಕೇಳಬೇಡಿ ಎಂದ. ಮಕ್ಕಳು ಅಳುವುದಕ್ಕೆ ಶುರುಮಾಡಿದವು. ಆಗ ವಾರಿಜ ಎಲ್ಲರಿಗೂ ಕೇಳುವಂತೆ, "ನಮ್ಮತ್ತೆ ಟ್ರಂಕಲ್ಲಿ ಮಂಡಕ್ಕಿ ಇದೆ" ಎಂದು ಕೂಗಿದಳು. ನಾಚಿಕೆಯಿಂದ ನನಗೆ ನೀರಿಗೆ ಹಾರಬೇಕೆನಿಸಿತು. ಇಬ್ಬರು ಗಂಡಸರು ಹೋಗಿ ಟ್ರಂಕು ಹೊತ್ತು ತಂದರು, ಹಗುರವಾಗಿದ್ದರೂ ಇಬ್ಬರೂ ಹಿಡಿದುಕೊಂಡೇ. ಅಡಿಗೆಮನೆಯಿಂದ ಈರುಳ್ಳಿ, ಸೌತೆಕಾಯಿ, ಹಸಿಮೆಣಸಿನಕಾಯಿ, ತೆಂಗಿನಕಾಯಿ ಬಂದವು. ನಾಲ್ಕು ದಿನ ಯಾರೊಂದಿಗೂ ಮಾತಾಡದಿದ್ದ ಒಬ್ಬ ದಪ್ಪನೆಯ ಯಜಮಾನರು ಈರುಳ್ಳಿ ಹೆಚ್ಚುತ್ತ ಗಳಗಳನೆ ಅತ್ತರು, ಚಾಕು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಎಲ್ಲ ಕಲ­ಸಿಯಾದ ಮೇಲೆ ಯಾರೋ, "ಕಾರ್ಡಿನವರೇ, ಮೆನು ಎಲ್ರೀ?" ಎಂದು ಇವರನ್ನು ರೇಗಿಸಿದರು. ಊರಲ್ಲಿ ನಾಲ್ಕು ಜನರ ಮುಂದೆ ಬಾಯಿ ತೆರೆಯದ ಇವರು ಬೆಂಚು ಹತ್ತಿದರು. ಆ ದಿನದ ಕಾರ್ಡನ್ನು ಮಗುಚಿ, ಕಿವಿಯಿಂದ ಪೆನ್ಸಿಲು ತೆಗೆದು ಬರೆದು, ದೊಡ್ಡ ದನಿಯಲ್ಲಿ ಓದಿದರು. "ಮೊದಲನೆಯದು, ಮಂಡಕ್ಕಿ. ಎರಡನೆಯದು, ಅದೇ ಮಂಡಕ್ಕಿ, ಈರುಳ್ಳಿ ಸಮೇತ. ಮೂರನೆಯದು, ಕೇಳಿದವರಿಗೆ ಮಾತ್ರ, ಮೊದಲನೆಯದೇ." ಅರವತ್ತು ಜನ ನಕ್ಕರು. "ಅಡಿಗೆ ಯಾರದು?" ಎಂದರು ಯಾರೋ. "ನನ್ನ ತಂಗಿ ಚಂಪಕಂದು. ಅವಳಿಗೆ ಬರಕ್ಕಾಗಲಿಲ್ಲ" ಎಂದರು. ಅಷ್ಟೂ ಜನ ಎದ್ದು ನಿಂತು "ಚಂಪಕಮ್ಮನವರಿಗೆ ಜೈ" ಎಂದು ಕೂಗಿದರು. ಸಮುದ್ರ ಒರೆಸಿಟ್ಟ ತಟ್ಟೆಯ ಹಾಗಿತ್ತು. ಬಿಸಿಲು ಕೆಂಪಗೆ ಇಳಿಯುತ್ತಿತ್ತು. ತುಟಿಗಳೆಲ್ಲ ಖಾರ. ವಾರಿಜ ಖಾಲಿಯಾದ ಟ್ರಂಕಿನ ಮೇಲೆ ನಿದ್ದೆ ಹೋಗಿದ್ದಳು, ಕೂದಲಲ್ಲಿ ಮಂಡಕ್ಕಿ. ನಾನು ಇವರನ್ನು ನೋಡಿದೆ.'

ಹಾಳೆಯಲ್ಲಿ ಇರುವುದು ಇಷ್ಟೇ. ಬೆಳಿಗ್ಗೆ ಹತ್ತು ಗಂಟೆಗೆ, "ಅಪ್ಪಾ, ಪ್ರೂಫು" ಎಂದು ಅವನ ಮೇಜಿನ ಮೇಲಿಟ್ಟೆ. ಯಾವುದೋ ಲಗ್ನಪತ್ರಿಕೆ ಎಂದುಕೊಂಡು ಕನ್ನಡಕ ಹಾಕಿಕೊಂಡು ಪೆನ್ಸಿಲು ಹಿಡಿದ. ಎರಡನೆಯ ಸಾಲಿಗೆ ಪೆನ್ಸಿಲು ನಿಂತಿತು. ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಅವನು ಓದುತ್ತ ಹೋದ ಹಾಗೆ ನನ್ನಿಂದ ಅದು ಹೋಯಿತು. ನೋವೇನೂ ಆಗುವುದಿಲ್ಲ. ಪಕ್ಕದಲ್ಲಿ ಕೂತಿದ್ದವರು ಎದ್ದುಹೋದಾಗ ಆ ಜಾಗ ಸ್ವಲ್ಪ ತಣ್ಣಗಾಗುತ್ತದಲ್ಲ, ಅಷ್ಟು.

ಓದಿ ಮುಗಿಸಿದ ಮೇಲೂ ಅಪ್ಪ ಹಾಳೆಯನ್ನು ಕೆಳಗಿಡಲಿಲ್ಲ. "ಕೊನೇ ಸಾಲು ನೀನು ಪೂರ್ತಿ ಮಾಡಿಲ್ಲ ವಾರೂ" ಎಂದ.

"ಯಾವುದು?"

"'ಇವರನ್ನು ನೋಡಿದೆ' ಅಂತ ನಿಲ್ಲಿಸಿದೀಯ. ಹೇಗೆ ನೋಡಿದ್ಲು ಅಂತ ಹಾಕಿಲ್ಲ."

"ಹೇಗೆ ನೋಡಿದ್ಲು?" ಎಂದೆ. ನಿಜವಾಗಿ ನನಗೆ ಗೊತ್ತಿರಲಿಲ್ಲ. ಬರೆಯುವಾಗ ಗೊತ್ತಿತ್ತೇನೋ, ಮಗಳಾಗಿ ಬರೆಯಲು ನಾಚಿ ಬಿಟ್ಟಿದ್ದೆನೇನೋ.

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಅದು ಅಚ್ಚಿಗೆ ಹೋಗೋದಲ್ಲ ಬಿಡು" ಎಂದು ಎದ್ದ.

ಪ್ರೆಸ್ಸಿನ ಹಿಂಬಾಗಿಲು ತೆರೆದರೆ ನಮ್ಮ ಅಡಿಗೆಮನೆ. ಅಮ್ಮ ಬೆನ್ನು ಹಾಕಿ ನಿಂತು ಈರುಳ್ಳಿ ಹೆಚ್ಚುತ್ತಿದ್ದಳು. ಅಪ್ಪ ಹೋಗಿ ಅವಳ ಮೊಣಕೈ ಮುಟ್ಟಿದ. ಅಮ್ಮ ಚಾಕು ನಿಲ್ಲಿಸಿ ಕಾದಳು. ಮುಟ್ಟಿದ ಮೇಲೆ ಹೇಳಬೇಕಾದ ಮಾತು ಒಂದಿದೆಯಲ್ಲ, ನಾನು ಕೊಡ್ತೀನಿ, ನೀನು ಇಟ್ಕೋ ಎಂದು. ಅಪ್ಪ ಅದನ್ನು ಹೇಳಲಿಲ್ಲ. ಕೈಯನ್ನೂ ತೆಗೆಯಲಿಲ್ಲ. ಅಮ್ಮ ತಿರುಗಿ ಒಮ್ಮೆ ಅವನ ಮುಖ ನೋಡಿದಳು. ಮತ್ತೆ ಹೆಚ್ಚತೊಡಗಿದಳು, ಒಂದೇ ಕೈಯಲ್ಲಿ, ಅಡ್ಡಾದಿಡ್ಡಿಯಾಗಿ.

ನಾನು ನೋಡುತ್ತ ಬಾಗಿಲಲ್ಲೇ ನಿಂತಿದ್ದೆ. ಹಿಂದಿನಿಂದ ಅತ್ತೆ ಕರೆದಳು. ಟ್ರಂಕಿನ ಮೇಲೆ ಕೂತು ಮೊಳೆ ಹೆಕ್ಕುತ್ತಿದ್ದವಳು ಸ್ವಲ್ಪ ಸರಿದು ಜಾಗ ಮಾಡಿದಳು.

"ಬಾರೇ, ಕೂತ್ಕೋ. ಇದರ ಮೇಲೇ ಅಲ್ವಾ ನೀನು ಮಲಗಿದ್ದು. ಎಲ್ಲರೂ ನಗ್ತಾ ಇದ್ರು, ಕೆನ್ನೆಗೆ ತಗಡು ತಣ್ಣಗಿತ್ತು."

ತಾನು ಇಟ್ಟುಕೊಂಡದ್ದರಲ್ಲಿ ಒಂದು ಚೂರನ್ನು ಕೊಟ್ಟುಬಿಟ್ಟಿದ್ದಳು. ನಾಲಿಗೆ ಕಚ್ಚಿಕೊಳ್ಳಲಿಲ್ಲ. ಬೇಕೆಂದೇ ಕೊಟ್ಟದ್ದು. ನಾನು ಕೂರುವುದಕ್ಕೆ ಮುಂಚೆಯೇ ನನ್ನ ಎಡಗೆನ್ನೆಗೆ ತಣ್ಣನೆಯ ತಗಡು ತಾಗಿತು. ಅದರೊಳಗೆ ಉಳಿದಿದ್ದ ನಾಲ್ಕು ಕಾಳು ಮಂಡಕ್ಕಿ ಹಡಗಿನ ಜೊತೆ ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ಮೆಲ್ಲಗೆ ಉರುಳುತ್ತಿದ್ದವು.